ಮೊದಲ ವರ್ಷದಲ್ಲೇ ವಾರ್ಡಿಗೆ: ನೋಡಿ ಬಂದರೆ ಸಾಲದು

ವೈದ್ಯಕೀಯ ಓದಿಗೆ ಸೇರಿದವರು ಮೊದಲು ಮುಟ್ಟುವುದು ಮಾತಾಡದ ದೇಹವನ್ನು. ಅನಾಟಮಿ ಹಾಲಿನ ಮೇಜಿನ ಮೇಲಿರುವ ಶವಕ್ಕೆ ನೋವಿಲ್ಲ, ಅವಸರವಿಲ್ಲ, ಕೇಳಬೇಕಾದ ಪ್ರಶ್ನೆಯೂ ಇಲ್ಲ. ಆ ದೇಹದ ಜೊತೆ, ಪುಸ್ತಕದ ಜೊತೆ, ಪ್ರಯೋಗಾಲಯದಲ್ಲಿ ಒಂದೆರಡು ವರ್ಷ ಕಳೆದ ಮೇಲೆ ವಾರ್ಡಿಗೆ ಬಿಡುವುದು ಬಹುಕಾಲದ ಪದ್ಧತಿ. ಈಗ ಅನೇಕ ದೇಶಗಳಲ್ಲಿ ಅದು ಬದಲಾಗಿದೆ. ಸೇರಿದ ಕೆಲವೇ ವಾರಗಳಲ್ಲಿ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಪಕ್ಕ ನಿಲ್ಲಿಸಲಾಗುತ್ತಿದೆ.

ನಿಲ್ಲಿಸುವುದು ಸುಲಭ. ಅಲ್ಲಿ ನಿಂತು ಅವರು ಏನು ಮಾಡಬೇಕು ಎಂದು ಯಾರೂ ಮೊದಲೇ ಯೋಚಿಸಿರುವುದಿಲ್ಲ, ತೊಡಕು ಅಲ್ಲಿಂದ ಶುರು. ಹದಿನೈದು ಜನ ಬಿಳಿ ಕೋಟು ತೊಟ್ಟು ಒಂದು ಹಾಸಿಗೆಯನ್ನು ಸುತ್ತುವರಿಯುತ್ತಾರೆ. ಹಿಂದಿನ ಸಾಲಿನವರಿಗೆ ಏನೂ ಕಾಣಿಸದು, ಮುಂದಿನ ಸಾಲಿನವರಿಗೆ ಏನು ನೋಡಬೇಕೆಂದು ತಿಳಿಯದು. ಅರ್ಧ ಗಂಟೆಯ ನಂತರ ಹಾಜರಿ ಹಾಕಿಸಿಕೊಂಡು ಹೊರಡುತ್ತಾರೆ. ಪಠ್ಯಕ್ರಮದ ಕಡತದಲ್ಲಿ ಇದು ರೋಗಿಯ ಜೊತೆ ಕಳೆದ ಒಂದು ಗಂಟೆ ಎಂದೇ ದಾಖಲಾಗುತ್ತದೆ. ರೋಗಿಯ ಮುಂದೆ ಬೇಗ ಕರೆದೊಯ್ಯುವುದರಿಂದ ಲಾಭವಾಗಬೇಕಾದರೆ ಆ ವಿದ್ಯಾರ್ಥಿಗೆ ಅವನ ಮಟ್ಟಕ್ಕೆ ತಕ್ಕ ಒಂದು ನಿಜವಾದ ಕೆಲಸವಿರಬೇಕು, ಆಮೇಲೆ ಅದರ ಬಗ್ಗೆ ಕೂತು ಮಾತಾಡಲು ಸಮಯವಿರಬೇಕು. ಇವೆರಡೂ ಇಲ್ಲದಿದ್ದರೆ ಹೋಗದೇ ಇರುವುದು ಮೇಲು. ರೋಗಿಗಾದರೂ ವಿಶ್ರಾಂತಿ ಸಿಗುತ್ತದೆ.

ಗೋಡೆ ಎದ್ದದ್ದು, ಒಡೆದದ್ದು

ಎರಡು ವರ್ಷ ವಿಜ್ಞಾನ, ಎರಡು ವರ್ಷ ಆಸ್ಪತ್ರೆ ಎಂಬ ವಿಂಗಡಣೆಗೆ ಬಲ ಬಂದದ್ದು 1910ರಲ್ಲಿ. ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ನೋಡಿಬಂದ ಶಿಕ್ಷಣತಜ್ಞ ಅಬ್ರಹಾಂ ಫ್ಲೆಕ್ಸ್ನರ್ ಆ ವರ್ಷ ತಮ್ಮ ವರದಿ ಕೊಟ್ಟರು. ಅಂದಿನ ಎಷ್ಟೋ ಶಾಲೆಗಳು ಶುಲ್ಕಕ್ಕಾಗಿ ನಡೆಯುತ್ತಿದ್ದವು. ಪ್ರಯೋಗಾಲಯ ಹೆಸರಿಗೆ ಮಾತ್ರ ಇತ್ತು, ಕೆಲವು ಕಡೆ ಅದೂ ಇರಲಿಲ್ಲ. ಆ ಕೊಳೆ ತೊಳೆಯಲು ವಿಜ್ಞಾನದ ಗಟ್ಟಿ ತಳಹದಿ ಬೇಕಿತ್ತು, ವರದಿ ಅದನ್ನು ಒದಗಿಸಿತು. ಅಡಿಪಾಯದ ಜೊತೆಗೆ ನಡುಗೋಡೆಯೂ ಎದ್ದಿತು. ವಿಜ್ಞಾನದ್ದು ಪ್ರೀ-ಕ್ಲಿನಿಕಲ್, ಆಸ್ಪತ್ರೆಯದು ಕ್ಲಿನಿಕಲ್ ಎಂದು ಕಟ್ಟಡಗಳು ಬೇರೆಯಾದವು, ಅಧ್ಯಾಪಕರು ಬೇರೆಯಾದರು, ಒಬ್ಬರು ಏನು ಕಲಿಸುತ್ತಾರೆಂದು ಇನ್ನೊಬ್ಬರಿಗೆ ತಿಳಿಯದಂತಾಯಿತು.

ಅದನ್ನು ಒಡೆಯುವ ಯತ್ನವೂ ಹೊಸದಲ್ಲ. ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1952ರಲ್ಲಿ ಪಠ್ಯಕ್ರಮವನ್ನು ಅಂಗವ್ಯವಸ್ಥೆಗಳ ಸುತ್ತ ಕಟ್ಟಿತು. ಮೊದಲ ವರ್ಷದ ಪ್ರತಿ ವಿದ್ಯಾರ್ಥಿಗೂ ಮಗುವನ್ನು ನಿರೀಕ್ಷಿಸುತ್ತಿರುವ ಒಂದು ಕುಟುಂಬವನ್ನು ಒಪ್ಪಿಸಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ತನ್ನ ಮೊದಲ ತಂಡಕ್ಕೇ ರೋಗಿಯ ಸಮಸ್ಯೆಯಿಂದ ಹೊರಟು ವಿಜ್ಞಾನಕ್ಕೆ ಬರುವ ದಾರಿ ಹಾಕಿಕೊಟ್ಟಿತು. ಬ್ರಿಟನ್ನಿನ ವೈದ್ಯಕೀಯ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ 1993ರ ಶಿಫಾರಸುಗಳಲ್ಲಿ ಮಾಹಿತಿಯ ಹೊರೆ ಇಳಿಸಿ ರೋಗಿಯ ಸಂಪರ್ಕ ಬೇಗ ಶುರುಮಾಡಿ ಎಂದಿತು. ಭಾರತದಲ್ಲಿ 2019ರಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಎಂಬಿಬಿಎಸ್ ಮೊದಲ ಹಂತದಲ್ಲೇ ಇದಕ್ಕೆ 90 ಗಂಟೆ ಕಾದಿರಿಸಿತು. ಆಮೇಲೆ ಪ್ರತಿ ವಿದ್ಯಾರ್ಥಿಯೂ ಕೆಲವು ಕುಟುಂಬಗಳನ್ನು ಮೊದಲ ವರ್ಷದಿಂದಲೇ ನೋಡಿಕೊಂಡು ಬರುವ ಕುಟುಂಬ ದತ್ತು ಕಾರ್ಯಕ್ರಮವೂ ಸೇರಿತು.

ಭಾರತದ ನಿಯಮದಲ್ಲಿ ತರಗತಿ, ಆಸ್ಪತ್ರೆ, ಸಮುದಾಯ ಈ ಮೂರೂ ಕಡೆ ಇದನ್ನು ನಡೆಸಲು ಅವಕಾಶವಿದೆ. ನುಣುಚಿಕೊಳ್ಳುವ ದಾರಿಯೂ ಅದೇ. ಪರದೆಯ ಮೇಲೆ ಒಂದು ರಕ್ತಪರೀಕ್ಷೆಯ ಚೀಟಿ ಹಾಕಿ, ಕೆಳಗೆ ಮೂರು ಪ್ರಶ್ನೆ ಬರೆದರೆ ಗಂಟೆ ತುಂಬುತ್ತದೆ. ಅದು ಒಳ್ಳೆಯ ಪಾಠವೇ ಇರಬಹುದು, ಆದರೆ ಅದರಲ್ಲಿ ರೋಗಿ ಇಲ್ಲ.

ಏನು ಸಿಗುತ್ತದೆ

2006ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ವಿಮರ್ಶೆ ಆರಂಭಿಕ ರೋಗಿ ಸಂಪರ್ಕದ ಬಗೆಗಿನ 73 ಅಧ್ಯಯನಗಳನ್ನು ಜಾಲಾಡಿತು. ಓದುವ ಹುರುಪು ಹೆಚ್ಚುತ್ತದೆ, ಆಸ್ಪತ್ರೆಯ ವಾತಾವರಣಕ್ಕೆ ಹೊಂದಿಕೊಳ್ಳುವುದು ಸಲೀಸಾಗುತ್ತದೆ, ರೋಗಿಯ ಜೊತೆ ಮಾತಾಡುವ ಧೈರ್ಯ ಬರುತ್ತದೆ, ತಾನು ಯಾಕೆ ಈ ವೃತ್ತಿಗೆ ಬಂದೆ ಎಂಬುದು ಸ್ಪಷ್ಟವಾಗುತ್ತದೆ ಎಂಬುದು ಅದರ ಒಟ್ಟು ಫಲಿತಾಂಶ. ಪರೀಕ್ಷೆಯ ಅಂಕ ಏರುತ್ತದೆ ಎಂದು ಭರವಸೆ ಕೊಟ್ಟು ಈ ಕಾರ್ಯಕ್ರಮವನ್ನು ಮಾರುವವರನ್ನು ನಂಬಬೇಕಿಲ್ಲ. ಅಂಕಕ್ಕೆ ಅಡ್ಡದಾರಿಗಳು ಬೇರೆ ಇವೆ, ವಿದ್ಯಾರ್ಥಿಗಳಿಗೆ ಅವು ಚೆನ್ನಾಗಿಯೇ ಗೊತ್ತು.

ರೋಗಿಯನ್ನು ಬೇಗ ಕಂಡರೆ ಮನಸ್ಸು ಮೃದುವಾಗುತ್ತದೆ ಎಂಬ ಇನ್ನೊಂದು ನಂಬಿಕೆಯಿದೆ. ಇದನ್ನು ಹಾಗೆಯೇ ಒಪ್ಪಲಾಗದು. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ 2009ರಲ್ಲಿ ಬಂದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಸಹಾನುಭೂತಿಯ ಅಳತೆ ಗಣನೀಯವಾಗಿ ಕುಸಿದದ್ದು ಮೂರನೆಯ ವರ್ಷದಲ್ಲಿ, ಅಂದರೆ ರೋಗಿಗಳ ನಡುವೆ ಪೂರ್ತಿ ದಿನ ಕಳೆಯಲು ತೊಡಗಿದ ಮೇಲೆಯೇ. ಅಳತೆ ವಿದ್ಯಾರ್ಥಿಗಳು ತಾವೇ ಭರ್ತಿ ಮಾಡಿದ ಪ್ರಶ್ನಾವಳಿಯದು, ಅದರ ಮಿತಿ ಅದಕ್ಕಿದೆ. ಆದರೂ ಒಂದು ಎಚ್ಚರಿಕೆ ಅಲ್ಲಿದೆ: ಆಸ್ಪತ್ರೆ ಒಳ್ಳೆಯದನ್ನೂ ಕಲಿಸುತ್ತದೆ, ಕೆಟ್ಟದ್ದನ್ನೂ ಕಲಿಸುತ್ತದೆ. ಪರದೆ ಎಳೆಯದೆ ಬಟ್ಟೆ ಸರಿಸುವುದು, ಹೆಸರು ಬಿಟ್ಟು "ಹನ್ನೆರಡನೇ ಬೆಡ್ಡಿನ ಲಿವರ್" ಎನ್ನುವುದು, ರೋಗಿಯ ತಲೆಯ ಮೇಲಿಂದಲೇ ಅವರ ಕಾಯಿಲೆಯ ಬಗ್ಗೆ ಮಾತಾಡುವುದು, ಇವೆಲ್ಲ ಮೊದಲ ವಾರದಲ್ಲೇ ಕಣ್ಣಿಗೆ ಬಿದ್ದರೆ ವೈದ್ಯಕೀಯವೆಂದರೆ ಇದೇ ಎಂದುಕೊಳ್ಳುವ ವಯಸ್ಸು ಅದು. ಹೊಸಬರನ್ನು ಯಾವ ವಾರ್ಡಿಗೆ ಕಳಿಸಬೇಕು ಎಂದು ನಿರ್ಧರಿಸುವಾಗ ಅಲ್ಲಿ ಎಂತೆಂಥ ಕಾಯಿಲೆಗಳಿವೆ ಎಂಬುದಕ್ಕಿಂತ ಅಲ್ಲಿನ ಸಿಬ್ಬಂದಿ ರೋಗಿಯ ಜೊತೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಬಿದ್ದ ಮಣಿಕಟ್ಟು ಕಲಿಸುವ ಪಾಠ

ಪಾಠ ಮತ್ತು ರೋಗಿ ಒಂದಕ್ಕೊಂದು ಕೂಡಿಬರುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ತೋಳಿನ ಮೂಳೆ ನಡುಭಾಗದಲ್ಲಿ ಮುರಿದಾಗ ಅದರ ಹಿಂಬದಿಯ ಸುರುಳಿ ತೋಡಿನಲ್ಲಿ ಅಂಟಿಕೊಂಡೇ ಸಾಗುವ ರೇಡಿಯಲ್ ನರಕ್ಕೆ ಪೆಟ್ಟಾಗಬಹುದು. ಆಗ ಮಣಿಕಟ್ಟು ಕೆಳಗೆ ಜೋತುಬೀಳುತ್ತದೆ, ಮೇಲೆತ್ತಲು ಬಾರದು. ತೋಳಿನ ನರಗಳನ್ನು ಓದುತ್ತಿರುವ ವಾರದಲ್ಲೇ ಇಂಥ ಒಬ್ಬ ರೋಗಿ ಸಿಕ್ಕರೆ ವಿದ್ಯಾರ್ಥಿಗಳಿಗೆ ನಾಲ್ಕು ಪುಟ್ಟ ಕೆಲಸ ಕೊಡಬಹುದು.

ಮೊದಲು ಮೊಣಕೈ ನೇರ ಮಾಡಲು ಹೇಳಬೇಕು. ಸಾಮಾನ್ಯವಾಗಿ ಅದು ಆಗುತ್ತದೆ, ಏಕೆಂದರೆ ಮೊಣಕೈ ನೇರ ಮಾಡುವ ಟ್ರೈಸೆಪ್ಸ್ ಸ್ನಾಯುವಿಗೆ ಹೋಗುವ ನರದ ಕವಲುಗಳು ಪೆಟ್ಟುಬಿದ್ದ ಜಾಗಕ್ಕಿಂತ ಮೇಲೆಯೇ ಒಡೆದಿರುತ್ತವೆ. ಚಿತ್ರದಲ್ಲಿ ಗೆರೆಯಾಗಿದ್ದ ಕವಲು ಈಗ ಒಂದು ಚಲನೆಯಾಗಿ ಕಾಣುತ್ತದೆ. ಎರಡನೆಯದಾಗಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹಿಂಗೈ ಚರ್ಮವನ್ನು ಹತ್ತಿಯಿಂದ ಮೆಲ್ಲಗೆ ಸವರಿ, ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಬೇಕು. ಮೂರನೆಯದು ಎಲ್ಲಕ್ಕಿಂತ ಸೊಗಸು. ವಿದ್ಯಾರ್ಥಿಯ ಎರಡು ಬೆರಳನ್ನು ರೋಗಿ ಬಿಗಿಯಾಗಿ ಹಿಡಿಯಲಿ, ಹಿಡಿತ ಬಲಹೀನವಾಗಿರುತ್ತದೆ. ಈಗ ವಿದ್ಯಾರ್ಥಿ ಇನ್ನೊಂದು ಕೈಯಿಂದ ರೋಗಿಯ ಮಣಿಕಟ್ಟನ್ನು ಮೇಲೆತ್ತಿ ಆಧಾರ ಕೊಟ್ಟು, ಮತ್ತೆ ಹಿಡಿಯಲು ಹೇಳಲಿ. ಹಿಡಿತ ಒಮ್ಮೆಗೇ ಗಟ್ಟಿಯಾಗುತ್ತದೆ. ಬೆರಳು ಮಡಿಸುವ ಸ್ನಾಯುಗಳಿಗೆ ರೇಡಿಯಲ್ ನರದ ಸಂಬಂಧವೇ ಇಲ್ಲ, ಅವು ಸರಿಯಾಗಿಯೇ ಇವೆ. ಮಣಿಕಟ್ಟು ಬಾಗಿದಾಗ ಅವು ಮೊದಲೇ ಮೊಟಕಾಗಿರುತ್ತವೆ, ಮೊಟಕಾದ ಸ್ನಾಯು ಬಲ ಹುಟ್ಟಿಸಲಾರದು. ಫಿಸಿಯಾಲಜಿ ತರಗತಿಯಲ್ಲಿ ನಕ್ಷೆಯಾಗಿ ಬರೆದುಕೊಂಡ ಸ್ನಾಯುವಿನ ಉದ್ದ–ಬಲದ ಸಂಬಂಧವನ್ನು ವಿದ್ಯಾರ್ಥಿ ಇಲ್ಲಿ ತನ್ನ ಬೆರಳಲ್ಲೇ ಅನುಭವಿಸುತ್ತಾನೆ. ಮಣಿಕಟ್ಟನ್ನು ಎತ್ತಿ ಹಿಡಿಯುವ ಆಧಾರದ ಪಟ್ಟಿ ಕಟ್ಟಿರುವುದು ಯಾಕೆ ಎಂಬುದಕ್ಕೂ ಆಗಲೇ ಉತ್ತರ ಸಿಗುತ್ತದೆ.

ನಾಲ್ಕನೆಯ ಕೆಲಸ ಒಂದು ಪ್ರಶ್ನೆ: "ಈ ಕೈಯಿಂದ ಈಗ ಯಾವ ಕೆಲಸ ಆಗುತ್ತಿಲ್ಲ?" ಗುಂಡಿ ಹಾಕಿಕೊಳ್ಳುವುದು, ಲೋಟ ಎತ್ತುವುದು, ಸಹಿ ಮಾಡುವುದು, ದುಡಿಮೆ ನಿಂತಿರುವುದು, ಹೀಗೆ ಉತ್ತರ ರೋಗಿಯಿಂದ ರೋಗಿಗೆ ಬೇರೆ. ಅನಾಟಮಿ ಪುಸ್ತಕದಲ್ಲಿ ಈ ಪುಟವಿಲ್ಲ. ಹತ್ತಿ, ಒಂದು ಕುರ್ಚಿ, ಇಪ್ಪತ್ತು ನಿಮಿಷ ಬಿಟ್ಟರೆ ಇದಕ್ಕೆ ಬೇರೇನೂ ಬೇಕಿಲ್ಲ. ರೋಗಿ ಇನ್ನೂ ನೋವಿನಲ್ಲಿದ್ದರೆ, ಮುರಿತ ಕೂಡಿರದಿದ್ದರೆ ಮಾತ್ರ ಇದನ್ನು ಮಾಡಿಸಬಾರದು.

ಬಯೋಕೆಮಿಸ್ಟ್ರಿಗೂ ಇಂಥ ಜೋಡಿಗಳಿವೆ. ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುವುದನ್ನು ಓದಿದ ವಾರ ಮಧುಮೇಹದ ರೋಗಿಯೊಬ್ಬರ ಜೊತೆ ಕೂತು ಕಳೆದ ಮೂರು ತಿಂಗಳ ಊಟ, ಔಷಧಿ, ತಪ್ಪಿದ ಗುಳಿಗೆಗಳ ಬಗ್ಗೆ ಕೇಳಬಹುದು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಎಷ್ಟೆಂದು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವುದು ಅದಕ್ಕಾಗಿಯೇ. ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದರೆ ಆ ಅಂಕಿ ಇಳಿಯುವುದಿಲ್ಲ ಎಂಬುದು ಹಲವು ರೋಗಿಗಳಿಗೆ ಗೊತ್ತಿರುವುದಿಲ್ಲ. ವಿದ್ಯಾರ್ಥಿಗಳಿಗೂ ಅಷ್ಟೆ.

ಒಂದು ಮಧ್ಯಾಹ್ನದ ಲೆಕ್ಕ

ಈ ಯೋಜನೆಗಳು ಮುಗ್ಗರಿಸುವುದು ಬಹುಪಾಲು ಲೆಕ್ಕದಲ್ಲಿ. 150 ವಿದ್ಯಾರ್ಥಿಗಳ ತರಗತಿಯನ್ನು ಒಂದೇ ಮಧ್ಯಾಹ್ನ ವಾರ್ಡಿಗೆ ನುಗ್ಗಿಸಿದರೆ ಜನಸಂದಣಿಯಾಗುತ್ತದೆ, ಪಾಠವಾಗುವುದಿಲ್ಲ. ಅದೇ 150 ಜನರನ್ನು ಮೂವತ್ತರಂತೆ ಐದು ತಂಡ ಮಾಡಿ, ವಾರಕ್ಕೊಂದು ತಂಡ ಕಳಿಸಿದರೆ ಸಾಕು. ಮೂವತ್ತು ಜನ ಇಬ್ಬಿಬ್ಬರಂತೆ ಹೋದರೆ ಹದಿನೈದು ಜೋಡಿ, ಹದಿನೈದು ರೋಗಿ, ಹತ್ತು ವಿದ್ಯಾರ್ಥಿಗೊಬ್ಬರಂತೆ ಮೂವರು ಅಧ್ಯಾಪಕರು. ನಲವತ್ತು ವಾರಗಳ ವರ್ಷದಲ್ಲಿ ಪ್ರತಿಯೊಬ್ಬರಿಗೂ ಎಂಟು ಸರದಿ ಬರುತ್ತದೆ. ಇಬ್ಬರೇ ಯಾಕೆಂದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಗಮನಿಸಬಹುದು. ಮೂರನೆಯವರು ಬಂದರೆ ಅವರು ಗೋಡೆ ನೋಡುತ್ತ ನಿಲ್ಲುತ್ತಾರೆ.

ಮೂರು ಗಂಟೆಯ ಅವಧಿಯಲ್ಲಿ ರೋಗಿಯ ಜೊತೆ ಕಳೆಯುವುದು ನಲವತ್ತು ನಿಮಿಷ ಮಾತ್ರ. ಹೋಗುವ ಮೊದಲು ಇಪ್ಪತ್ತೈದು ನಿಮಿಷ ತಯಾರಿ: ಇಂದಿನ ಕೆಲಸ ಯಾವುದು, ಯಾವುದನ್ನು ಮಾಡಬಾರದು, ಮೊದಲ ವಾಕ್ಯ ಏನು. ಕೈ ತೊಳೆದು ವಾರ್ಡ್ ಸೇರಲು ಹತ್ತು ನಿಮಿಷ. ಬಂದ ಮೇಲೆ ಹದಿನೈದು ನಿಮಿಷ ಯಾರ ಜೊತೆಗೂ ಮಾತಾಡದೆ ಬರೆಯುವುದು, ನಂತರ ಒಂದು ಗಂಟೆ ಚರ್ಚೆ. ಉಳಿಯುವ ಅರ್ಧ ಗಂಟೆ ಆಸ್ಪತ್ರೆಯ ಪಾಲು. ಒಪ್ಪಿದ್ದ ರೋಗಿ ಸ್ಕ್ಯಾನಿಗೆ ಹೋಗಿರುತ್ತಾರೆ, ಡಿಸ್ಚಾರ್ಜ್ ಆಗಿರುತ್ತಾರೆ, ನಿದ್ದೆಯಲ್ಲಿರುತ್ತಾರೆ. ಹದಿನೈದು ರೋಗಿಗಳು ಬೇಕಾದಲ್ಲಿ ಹದಿನೆಂಟು ಜನರನ್ನು ಒಪ್ಪಿಸಿಟ್ಟುಕೊಂಡಿರುವುದು ಜಾಣತನ.

ರೋಗಿಗಳನ್ನು ಆರಿಸಬೇಕಾದವರು ವಾರ್ಡಿನ ನರ್ಸ್. ಯಾರು ಮಾತಾಡುವ ಸ್ಥಿತಿಯಲ್ಲಿದ್ದಾರೆ, ಯಾರಿಗೆ ಬೆಳಿಗ್ಗೆಯಷ್ಟೇ ಕೆಟ್ಟ ಸುದ್ದಿ ತಿಳಿದಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಶಸ್ತ್ರಚಿಕಿತ್ಸೆಯ ಮರುದಿನ, ತೀವ್ರ ನೋವು, ಉಸಿರುಗಟ್ಟುವಿಕೆ, ಗಾಳಿಯಿಂದ ಹರಡುವ ಸೋಂಕು ಇದ್ದವರನ್ನು ಬಿಡಬೇಕು. ಒಬ್ಬ ರೋಗಿಯ ಬಳಿ ದಿನಕ್ಕೆ ಒಂದೇ ಜೋಡಿ ಹೋಗಬೇಕು. "ಅಪರೂಪದ ಕೇಸ್" ಎಂಬ ಹಣೆಪಟ್ಟಿ ಬಿದ್ದ ರೋಗಿಯ ಪಾಡು ವಾರ್ಡಿನಲ್ಲಿದ್ದವರಿಗೆ ಗೊತ್ತು, ಅವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಮೊದಲ ವರ್ಷದವರಿಗೆ ಅಪರೂಪದ ಕಾಯಿಲೆಯಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಬಿಪಿ, ಮಧುಮೇಹ, ಅಸ್ತಮಾ, ಮುರಿದ ಮೂಳೆ, ಹೆರಿಗೆಯ ನಂತರದ ತಾಯಿ ಇವಿಷ್ಟೇ ಬೇಕಾದಷ್ಟಾಯಿತು.

ಒಪ್ಪಿಗೆ ಕೇಳುವಾಗ ವಿದ್ಯಾರ್ಥಿಗಳು ಎದುರಿಗೆ ಇರಬಾರದು. ಎಂಟು ಕಣ್ಣು ತನ್ನನ್ನೇ ನೋಡುತ್ತಿರುವಾಗ ಬೇಡ ಎನ್ನುವುದು ಯಾರಿಗೂ ಕಷ್ಟ. ಬರುವವರು ವಿದ್ಯಾರ್ಥಿಗಳು, ಚಿಕಿತ್ಸೆ ಕೊಡುವವರಲ್ಲ; ಬೇಡ ಎಂದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗದು; ನಡುವೆ ಸಾಕೆನಿಸಿದರೂ ನಿಲ್ಲಿಸಬಹುದು. ಈ ಮೂರು ಮಾತನ್ನು ನರ್ಸ್ ಅಥವಾ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮೊದಲೇ ಹೇಳಿರಬೇಕು. ವಿದ್ಯಾರ್ಥಿಗಳು ಬಂದಾಗ ಯಾರೂ ಅವರನ್ನು "ಡಾಕ್ಟರ್" ಎಂದು ಪರಿಚಯಿಸಬಾರದು. ರೋಗಿಯೇ ಹಾಗೆ ಕರೆದರೆ ಆಗಿಂದಾಗಲೇ ತಿದ್ದಬೇಕು, ಕೇಳಲು ಎಷ್ಟೇ ಹಿತವಾಗಿದ್ದರೂ ಸರಿ.

ಯಾವ ಕೆಲಸ, ಯಾವಾಗ

ಮೊದಲ ಸರದಿಯಲ್ಲಿ ಕಾಯಿಲೆಯ ಮಾತೇ ಬೇಡ. ಹೊರರೋಗಿ ವಿಭಾಗಕ್ಕೆ ಬಂದ ಒಬ್ಬರ ಒಪ್ಪಿಗೆ ಪಡೆದು ಅವರ ಜೊತೆ ಚೀಟಿ ಮಾಡಿಸುವ ಕಿಟಕಿಯಿಂದ ಔಷಧಿ ಕೊಡುವ ಕಿಟಕಿಯವರೆಗೆ ನಡೆಯುವುದು, ಪ್ರತಿ ನಿಲುಗಡೆಯಲ್ಲೂ ಎಷ್ಟು ಹೊತ್ತಾಯಿತು ಎಂದು ಬರೆದುಕೊಳ್ಳುವುದು, ಅಷ್ಟೇ. ವೈದ್ಯರ ಎದುರು ಕಳೆದ ನಿಮಿಷಗಳೆಷ್ಟು, ಬೆಂಚಿನ ಮೇಲೆ ಕಳೆದ ನಿಮಿಷಗಳೆಷ್ಟು ಎಂಬ ಪಟ್ಟಿ ಅವರ ಕೈಯಲ್ಲೇ ಸಿದ್ಧವಾಗುತ್ತದೆ. "ರೋಗಿಗಳು ಹೇಳಿದ್ದು ಕೇಳುವುದಿಲ್ಲ" ಎಂಬ ದೂರನ್ನು ಮುಂದೆ ಅವರು ಕೇಳಿದಾಗ ಈ ಪಟ್ಟಿ ನೆನಪಿಗೆ ಬರುತ್ತದೆ. ಕೈಬರಹ ಅರ್ಥವಾಗದ ಚೀಟಿ, ಯಾವ ಮಹಡಿ ಎಂದು ಬರೆಯದ ಫಲಕ, ಎರಡು ಸಲ ನಿಲ್ಲಬೇಕಾದ ಸಾಲು ಇವನ್ನೆಲ್ಲ ಹೊಸಬರು ಮಾತ್ರ ಗಮನಿಸುತ್ತಾರೆ, ಹಳಬರ ಕಣ್ಣಿಗೆ ಬೀಳುವುದಿಲ್ಲ.

ಎರಡು, ಮೂರನೆಯ ಸರದಿಗಳು ಮಾತಿಗೆ ಮೀಸಲು. ಇಲ್ಲಿ ಮೊದಲ ವರ್ಷದವರಿಗೆ ಹಿರಿಯರಿಗಿಲ್ಲದ ಅನುಕೂಲವಿದೆ. ವೈದ್ಯರು ರೋಗಿಯ ಆರಂಭದ ಮಾತನ್ನು ಸರಾಸರಿ 18 ಸೆಕೆಂಡಿಗೇ ತಡೆಯುತ್ತಾರೆಂದು 1984ರ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಮೊದಲ ವರ್ಷದವರಿಗೆ ತಡೆಯಲು ಬರುವುದೇ ಇಲ್ಲ, ಏಕೆಂದರೆ ಮುಂದಿನ ಪ್ರಶ್ನೆ ಯಾವುದೆಂದು ಅವರಿಗೆ ಗೊತ್ತಿಲ್ಲ. ಆ ಅಜ್ಞಾನವನ್ನೇ ಬಳಸಿಕೊಳ್ಳಬೇಕು. ಕಾಯಿಲೆಯ ಇತಿಹಾಸ ಕೇಳುವ ಉದ್ದನೆಯ ನಮೂನೆಯನ್ನು ಈ ಹಂತದಲ್ಲಿ ಕೈಗೆ ಕೊಟ್ಟರೆ ಅವರು ನಮೂನೆಯ ಖಾಲಿ ಜಾಗ ತುಂಬುತ್ತಾರೆ, ರೋಗಿಯ ಮುಖ ನೋಡುವುದಿಲ್ಲ. ಇದು ಎಲ್ಲ ಕಡೆ ಆಗುವ ತಪ್ಪು. ಎರಡೇ ಪ್ರಶ್ನೆ ಸಾಕು: "ಇದು ಶುರುವಾದದ್ದು ಹೇಗೆ, ಹೇಳುತ್ತೀರಾ?" ಮತ್ತು "ಇದರಿಂದ ಮನೆಯಲ್ಲಿ, ಕೆಲಸದಲ್ಲಿ ಏನೇನು ಬದಲಾಗಿದೆ?" ನಡುವೆ ಮೌನ ಬಂದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಲು ಹೇಳಿ ಕಳಿಸಬೇಕು. ಸಾಮಾನ್ಯವಾಗಿ ಹತ್ತು ಮುಗಿಯುವಷ್ಟರಲ್ಲಿ ರೋಗಿಯೇ ಮುಂದುವರಿಸುತ್ತಾರೆ.

ನಂತರದ ಸರದಿಗಳಲ್ಲಿ ಒಂದೊಂದೇ ಅಳತೆ. ಉಸಿರು ಎಣಿಸುವುದು ಅತಿ ಸುಲಭದ್ದೆನಿಸುತ್ತದೆ, ಆದರೆ ಎಣಿಸುತ್ತಿದ್ದೇನೆಂದು ಹೇಳಿದರೆ ರೋಗಿಯ ಉಸಿರಿನ ಗತಿಯೇ ಬದಲಾಗುತ್ತದೆ. ನಾಡಿ ಎಣಿಸಿದ ಮೇಲೆ ಬೆರಳನ್ನು ಮಣಿಕಟ್ಟಿನ ಮೇಲೆಯೇ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಬೇಕು. ಬಿಪಿ ನೋಡುವಾಗ ತಪ್ಪುಗಳು ಹೆಚ್ಚು. ತೋಳಿಗೆ ಸುತ್ತುವ ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡಾ 80ರಷ್ಟನ್ನಾದರೂ ಆವರಿಸಬೇಕು, ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ. ರೋಗಿ ಬೆನ್ನಿಗೆ ಆಧಾರ ಕೊಟ್ಟು ಐದು ನಿಮಿಷ ಸುಮ್ಮನೆ ಕೂತಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು. ಮೊದಲು ಬೆರಳಲ್ಲಿ ನಾಡಿ ಹಿಡಿದು ಅದು ಮಾಯವಾಗುವ ಮಟ್ಟ ತಿಳಿದುಕೊಂಡು, ಅದಕ್ಕಿಂತ 20–30 ಮಿಲಿಮೀಟರ್ ಮೇಲಕ್ಕೆ ಗಾಳಿ ತುಂಬಿ, ಸೆಕೆಂಡಿಗೆ 2–3 ಮಿಲಿಮೀಟರಿನಂತೆ ಇಳಿಸಬೇಕು. ಸರ್ರನೆ ಇಳಿಸಿದರೆ ಸ್ಟೆತಸ್ಕೋಪಿನಲ್ಲಿ ಕೇಳಬೇಕಾದ ಮೊದಲ ಸದ್ದು ತಪ್ಪಿಹೋಗುತ್ತದೆ. ತಪ್ಪಿದ್ದು ಒಪ್ಪಿಕೊಳ್ಳಲು ನಾಚಿ 120/80 ಎಂದು ಬರೆದುಬಿಡುವುದು ಎಲ್ಲ ತಂಡಗಳಲ್ಲೂ ಇರುವ ಚಾಳಿ. "ಕೇಳಿಸಲಿಲ್ಲ" ಎಂದು ಬರೆದರೂ ಸರದಿ ಪೂರ್ತಿಯಾದಂತೆಯೇ ಎಂದು ಮೊದಲೇ ಹೇಳಿಬಿಟ್ಟರೆ ಈ ಸುಳ್ಳಿನ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ಅಳತೆ ತೀರಾ ಹೆಚ್ಚೋ ಕಡಿಮೆಯೋ ಬಂದರೆ ರೋಗಿಯ ಮುಂದೆ ಉದ್ಗರಿಸದೆ ನರ್ಸ್‌ಗೆ ಹೇಳಿ ಮತ್ತೊಮ್ಮೆ ನೋಡಿಸಬೇಕು.

ಕೊನೆಯ ಎರಡು–ಮೂರು ಸರದಿಗಳಲ್ಲಿ ಅದೇ ಒಬ್ಬ ರೋಗಿಯನ್ನು, ಸಾಧ್ಯವಾದರೆ ಮನೆಯಲ್ಲಿ, ಮತ್ತೆ ಮತ್ತೆ ಕಾಣುವಂತೆ ಮಾಡಿದರೆ ಫಲ ಹೆಚ್ಚು. ವಾರ್ಡಿನಲ್ಲಿ ಕಾಯಿಲೆ ಒಂದು ಘಟನೆಯಂತೆ ಕಾಣುತ್ತದೆ, ಕೆಲವು ತಿಂಗಳಲ್ಲಿ ಎರಡು–ಮೂರು ಸಲ ನೋಡಿದಾಗ ಅದಕ್ಕೆ ಹಿಂದುಮುಂದು ಬರುತ್ತದೆ.

ನಟಿಸುವ ರೋಗಿಗಳ ಜೊತೆ ಅಭ್ಯಾಸ ಮಾಡಿಸುವ ವಿಧಾನ 1963ರಿಂದ, ಅಮೆರಿಕದ ನರರೋಗತಜ್ಞ ಹೋವರ್ಡ್ ಬ್ಯಾರೋಸ್ ಅವರ ಪ್ರಯೋಗದಿಂದ ಬಳಕೆಯಲ್ಲಿದೆ. ವಾರ್ಡಿಗೆ ಹೋಗುವ ಹಿಂದಿನ ವಾರ ಮೊದಲ ವಾಕ್ಯವನ್ನು ಹೇಳಿ ನೋಡಲು ಅದು ಬಹಳ ಒಳ್ಳೆಯದು. ಪೂರ್ತಿಯಾಗಿ ಅದನ್ನೇ ನೆಚ್ಚಿಕೊಂಡರೆ, ಪ್ರಶ್ನೆಗೆ ಸಂಬಂಧವೇ ಇಲ್ಲದ ಉತ್ತರ ಕೊಡುವ ನಿಜವಾದ ರೋಗಿಯ ಮುಂದೆ ವಿದ್ಯಾರ್ಥಿ ತಬ್ಬಿಬ್ಬಾಗುತ್ತಾನೆ.

ಮೈ ಕಾಯುವ ಮಾತು

ಆಲ್ಕೋಹಾಲ್ ದ್ರವದಿಂದ 20–30 ಸೆಕೆಂಡ್, ಸೋಪು ನೀರಿನಿಂದ 40–60 ಸೆಕೆಂಡ್ ಕೈ ತೊಳೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ರೋಗಿಯನ್ನು ಮುಟ್ಟುವ ಮುಂಚೆಯೂ ನಂತರವೂ. ಉಗುರು ಕತ್ತರಿಸಿರಬೇಕು, ಉಂಗುರ, ಗಡಿಯಾರ, ಬಳೆ ತೆಗೆದಿಟ್ಟು ಅಂಗಿಯ ತೋಳು ಮಡಿಸಿರಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು 0, 1 ಮತ್ತು 6 ತಿಂಗಳಿಗೆ; ರಕ್ಷಣೆ ಬಂದಿದೆಯೇ ಎಂಬ ಪರೀಕ್ಷೆ ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ. ಸೇರಿದ ದಿನವೇ ಶುರುಮಾಡಿದರೂ ಏಳೆಂಟು ತಿಂಗಳು ಬೇಕು. ಮೊದಲ ವರ್ಷದವರ ಕೈಗೆ ಸೂಜಿ ಕೊಡಬಾರದೆಂಬುದಕ್ಕೆ ಇದೊಂದೇ ಕಾರಣ ಸಾಕು.

ತಲೆಸುತ್ತಿ ಬೀಳುವವರು ಇದ್ದೇ ಇರುತ್ತಾರೆ. ಹೊಟ್ಟೆ ತುಂಬಿಸಿಕೊಂಡು ಬರುವುದು, ನಿಂತಲ್ಲೇ ಕಾಲ ಮಾಂಸಖಂಡ ಬಿಗಿದು ಸಡಿಲಿಸುತ್ತಿರುವುದು, ಬೆವರು–ಓಕರಿಕೆ ಶುರುವಾದ ಕೂಡಲೇ ನಾಚಿಕೆ ಬಿಟ್ಟು ಕೂರುವುದು. ಬೀಳುವುದರಿಂದ ಆಗುವ ಹಾನಿ ಮುಖ್ಯವಾಗಿ ಕಬ್ಬಿಣದ ಮಂಚದ ಅಂಚಿನಿಂದ.

ಮೊಬೈಲು ಜೇಬಿನಿಂದ ಹೊರಬರಬಾರದು, ಟಿಪ್ಪಣಿಯಲ್ಲಿ ರೋಗಿಯ ಹೆಸರು, ಹಾಸಿಗೆಯ ಸಂಖ್ಯೆ ಇರಬಾರದು.

ಇನ್ನು ಮಾತಿನಲ್ಲಿ ಎದುರಾಗುವ ಅಪಾಯಗಳು. "ನನಗೆ ವಾಸಿಯಾಗುತ್ತದಾ?" ಎಂದು ರೋಗಿ ಕೇಳುವುದು ಖಂಡಿತ. ಆಗಿನ ಉತ್ತರವನ್ನು ಬಾಯಿಪಾಠ ಮಾಡಿಸಿಯೇ ಕಳಿಸಬೇಕು: "ನಾನಿನ್ನೂ ವಿದ್ಯಾರ್ಥಿ, ಇದಕ್ಕೆ ಉತ್ತರ ಹೇಳುವಷ್ಟು ತಿಳಿದಿಲ್ಲ. ನೀವು ಕೇಳಿದ್ದನ್ನು ನಿಮ್ಮ ವೈದ್ಯರಿಗೆ ಮುಟ್ಟಿಸುತ್ತೇನೆ." ಹೇಳಿದ ಮೇಲೆ ಮುಟ್ಟಿಸಲೇಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಗುಟ್ಟು. ಬಿಡುವಾಗಿ ಕೂತು ಕೇಳುವವರು ಸಿಕ್ಕಾಗ ರೋಗಿಗಳು ವೈದ್ಯರಿಗೆ ಹೇಳದ್ದನ್ನೂ ಹೇಳುತ್ತಾರೆ: ಗುಳಿಗೆ ಬಿಟ್ಟು ತಿಂಗಳಾಯಿತು, ಈ ಔಷಧಿಗೆ ಹಿಂದೆ ಮೈಯೆಲ್ಲ ದದ್ದು ಬಂದಿತ್ತು, ಮನೆಯಲ್ಲಿ ಹೊಡೆಯುತ್ತಾರೆ, ಬದುಕು ಸಾಕಾಗಿದೆ. "ಯಾರಿಗೂ ಹೇಳುವುದಿಲ್ಲ" ಎಂದು ವಿದ್ಯಾರ್ಥಿ ಮಾತು ಕೊಡಬಾರದು. ಚಿಕಿತ್ಸೆ ಕೊಡುತ್ತಿರುವ ತಂಡಕ್ಕೆ ತಿಳಿಸಬೇಕಾಗುತ್ತದೆ ಎಂದು ರೋಗಿಗೆ ಹೇಳಿ, ವಾರ್ಡಿನಿಂದ ಹೊರಡುವ ಮೊದಲೇ ಅಧ್ಯಾಪಕರಿಗೆ ತಿಳಿಸಬೇಕು. ಮರುದಿನದವರೆಗೆ ಕಾಯುವಂತಿಲ್ಲ.

ಬಂದ ಮೇಲಿನ ಒಂದು ಗಂಟೆ

ಸಮಯ ಸಾಲದೆ ಬಂದಾಗ ಎಲ್ಲರೂ ಮೊದಲು ಕತ್ತರಿಸುವುದು ಚರ್ಚೆಯನ್ನು. ಕಲಿಕೆ ಆಗುವುದು ಅಲ್ಲಿ ಎಂಬುದನ್ನು ಬಲ್ಲವರೂ ಹಾಗೆಯೇ ಮಾಡುತ್ತಾರೆ. ಹತ್ತು ಜನ ವೃತ್ತವಾಗಿ ಕೂತು, ಏನು ಕಂಡಿರಿ, ಯಾವುದು ಅರ್ಥವಾಗಲಿಲ್ಲ, ಯಾವುದು ಮನಸ್ಸಿಗೆ ಹತ್ತಿತು ಎಂದು ಮಾತಾಡಬೇಕು. ಅಧ್ಯಾಪಕರು ಇಲ್ಲಿ ಉಪನ್ಯಾಸ ಶುರುಮಾಡಿದರೆ ಮುಗಿಯಿತು. ಕ್ಲಿನಿಕಲ್ ವಿಭಾಗದವರು ಬಂದರೆ ಅಭ್ಯಾಸಬಲದಿಂದ "ಡಯಾಗ್ನೋಸಿಸ್ ಏನು?" ಎಂದು ವೈವಾ (ಮೌಖಿಕ ಪರೀಕ್ಷೆ) ಹಿಡಿಯುತ್ತಾರೆ, ಮೊದಲ ವರ್ಷದವರು ಬಾಯಿ ಮುಚ್ಚುತ್ತಾರೆ. ಅನಾಟಮಿ, ಫಿಸಿಯಾಲಜಿಯವರು ಒಬ್ಬರೇ ಬಂದರೆ ವಾರ್ಡಿನ ಪ್ರಶ್ನೆಗಳಿಗೆ ಉತ್ತರಿಸಲು ಹಿಂಜರಿಯುತ್ತಾರೆ. ಎರಡೂ ಕಡೆಯಿಂದ ಒಬ್ಬೊಬ್ಬರು ಕೂತರೆ ಒಳ್ಳೆಯದು. ಆಗದಿದ್ದರೆ ವಿದ್ಯಾರ್ಥಿಗಳು ಈವರೆಗೆ ಏನು ಓದಿದ್ದಾರೆ, ಇಂದು ಏನು ಕೇಳಬಹುದು, ಏನು ಕೇಳಬಾರದು ಎಂಬ ಒಂದು ಪುಟದ ಟಿಪ್ಪಣಿ ಮೊದಲೇ ಅವರ ಕೈ ಸೇರಿರಬೇಕು.

ವಾರ್ಡಿನಲ್ಲಿ ಕಂಡ ಕೆಟ್ಟ ನಡವಳಿಕೆಯ ಬಗ್ಗೆ ವಿದ್ಯಾರ್ಥಿ ಮಾತೆತ್ತಿದಾಗ ಅಧ್ಯಾಪಕರು ಏನು ಮಾಡುತ್ತಾರೆ ಎಂಬುದರ ಮೇಲೆ ಉಳಿದದ್ದು ನಿಂತಿದೆ. "ಅದೆಲ್ಲ ಇದ್ದದ್ದೇ" ಎಂದು ತೇಲಿಸಿದರೆ ಆ ವಿದ್ಯಾರ್ಥಿ ಮತ್ತೆ ಹೇಳುವುದಿಲ್ಲ. ಹೆಸರು ಹಿಡಿಯದೆ, ಆ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ, ಏನು ಅಡ್ಡಿ ಬರುತ್ತಿತ್ತು ಎಂದು ಕೇಳಿದರೆ ಚರ್ಚೆ ಬೆಳೆಯುತ್ತದೆ.

ಅಂಕದ ಪ್ರಶ್ನೆ ತೊಡಕಿನದು. ಅಂಕವಿಲ್ಲದ್ದಕ್ಕೆ ಬೆಲೆಯಿಲ್ಲ, ಪರೀಕ್ಷೆ ಹತ್ತಿರವಾದಂತೆ ಹಾಜರಿ ಕರಗುತ್ತದೆ. ಹಾಗೆಂದು ಅನಿಸಿಕೆ ಬರೆದದ್ದಕ್ಕೆ ಅಂಕ ಕೊಟ್ಟರೆ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ. ಒಂದೇ ಬಗೆಯ ಕರುಣಾಭರಿತ ಅನಿಸಿಕೆಗಳು ಬ್ಯಾಚಿನಿಂದ ಬ್ಯಾಚಿಗೆ ಕೈದಾಟುತ್ತವೆ. ಅನಿಸಿಕೆಗೆ "ಮಾಡಿದ್ದಾರೆ", "ಮಾಡಿಲ್ಲ" ಎಂದಷ್ಟೇ ಗುರುತಿಸಿ, ಥಿಯರಿ ಪರೀಕ್ಷೆಯಲ್ಲಿ ಅವರು ಕಂಡಂಥ ರೋಗಿಯ ಮೇಲೆ ಒಂದು ಪ್ರಶ್ನೆಯಿಡುವುದು ಹೆಚ್ಚು ಪ್ರಾಮಾಣಿಕ ದಾರಿ. ಮಣಿಕಟ್ಟಿಗೆ ಆಧಾರ ಕೊಟ್ಟಾಗ ಹಿಡಿತ ಗಟ್ಟಿಯಾಗುವುದೇಕೆ ಎಂಬ ಪ್ರಶ್ನೆಗೆ ಕೈ ಹಿಡಿದು ನೋಡಿದವರು ಉತ್ತರ ಬರೆಯುವ ರೀತಿಯೇ ಬೇರೆ.

ರೋಗಿಯನ್ನೂ ಒಂದು ಮಾತು ಕೇಳಬೇಕು. ಮರುದಿನ ನರ್ಸ್ ಹೋಗಿ "ನಿನ್ನೆ ಬಂದ ಮಕ್ಕಳು ಮತ್ತೆ ಬಂದರೆ ಮಾತಾಡುತ್ತೀರಾ?" ಎಂದು ಕೇಳಿ, ಹೌದು ಅಥವಾ ಬೇಡ ಎಂದು ಗುರುತು ಹಾಕಿಕೊಂಡರೆ ಸಾಕು. ಒಂದೇ ತಂಡದ ಬಗ್ಗೆ "ಬೇಡ" ಹೆಚ್ಚಾಗಿದ್ದರೆ ಮುಂದಿನ ಸರದಿಗೆ ಮೊದಲು ಆ ತಂಡದ ತಯಾರಿಯನ್ನು ನೋಡಬೇಕು. ಒಂದೇ ವಾರ್ಡಿನಿಂದ ಬರುತ್ತಿದ್ದರೆ ಬಹುಶಃ ಭೇಟಿಯ ಹೊತ್ತು ತಪ್ಪಾಗಿದೆ, ಡ್ರೆಸಿಂಗ್ ಮಾಡುವ ಅಥವಾ ಮನೆಯವರು ನೋಡಲು ಬರುವ ಸಮಯಕ್ಕೆ ಅಡ್ಡ ಬರುತ್ತಿದೆ. ವರ್ಷಕ್ಕೆ ಎಂಟು ಸರದಿ ನಡೆಸಲು ಅಧ್ಯಾಪಕರಿಲ್ಲದ ಕಾಲೇಜು ನಾಲ್ಕೇ ನಡೆಸಲಿ, ಅಳತೆಗಳ ಸರದಿಗಳನ್ನು ಕೈಬಿಡಲಿ. ಅವನ್ನು ಲ್ಯಾಬಿನಲ್ಲಿ ವಿದ್ಯಾರ್ಥಿಗಳೇ ಒಬ್ಬರ ಮೇಲೊಬ್ಬರು ಮಾಡಿ ಕಲಿಯಬಹುದು. ಆ ನಾಲ್ಕರಲ್ಲೂ ಚರ್ಚೆಯ ಗಂಟೆಯನ್ನು ಮುಟ್ಟಬಾರದು.